ಒಂಬತ್ತರಲ್ಲಿ ಸಿ, ಹನ್ನೊಂದರಲ್ಲಿ ಎ: ಒಂದು ಕಾಲೇಜು ಅರ್ಜಿಯ ಪ್ರಕರಣ

ಇದು 2024ರಲ್ಲಿ ಹೈಸ್ಕೂಲು ಮುಗಿಸಿದ ಒಬ್ಬ ಹುಡುಗನ ಪ್ರಕರಣ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದ ಮನೆ. ಅಪ್ಪ ಅಮ್ಮ ಇಬ್ಬರೂ ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿ ಬಂದವರು. ಹುಡುಗ ಹುಟ್ಟಿದ್ದು ಇಲ್ಲೇ. ಊರು, ಶಾಲೆ, ಸೀಟು ಕೊಟ್ಟ ಮತ್ತು ಕೊಡದ ಕಾಲೇಜುಗಳ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮನೆಯವರು ಒಪ್ಪಿದ ಮೇಲೆಯೇ ಬರೆದದ್ದು.

ನಾನು ಇಲ್ಲಿನ ಪರಿಚಯದ ಮಕ್ಕಳ ಅರ್ಜಿ ಓದಿ ಸಲಹೆ ಕೊಡುವವಳು. ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದಿದೆ: ‘ಮೊದಲು ಕಮ್ಮಿ ಬಂದಿತ್ತು, ಈಗ ಚೆನ್ನಾಗಿ ಬರ್ತಿದೆ. ಕಾಲೇಜಿನವರು ಇದನ್ನ ನೋಡ್ತಾರಲ್ವಾ?’ ನೋಡುತ್ತಾರೆ. ಆದರೆ ಯಾರು, ಎಲ್ಲಿ, ಯಾವಾಗ ನೋಡುತ್ತಾರೆ ಅನ್ನುವುದರ ಮೇಲೆ ಅದರ ಬೆಲೆ ಪೂರ್ತಿ ಬದಲಾಗುತ್ತದೆ. ಈ ಹುಡುಗನ ಅರ್ಜಿಯಲ್ಲಿ ಅದು ಎದ್ದು ಕಂಡಿತು.

ಹಿನ್ನೆಲೆ

ಅವನ 9ನೇ ತರಗತಿ 2020-21ರದ್ದು. ಶಾಲೆ ಆನ್‌ಲೈನ್. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ‘ಬಿ’, ಚಿತ್ರಕಲೆ ‘ಎ’. ರೇಖಾಗಣಿತ, ಜೀವಶಾಸ್ತ್ರ, ಸ್ಪ್ಯಾನಿಷ್ ಮೂರರಲ್ಲೂ ‘ಸಿ’. ಎರಡನೇ ಸೆಮಿಸ್ಟರಿನಲ್ಲಿ ಜೀವಶಾಸ್ತ್ರ ‘ಬಿ’ಗೆ ಏರಿತು, ಸ್ಪ್ಯಾನಿಷ್ ‘ಡಿ’ಗೆ ಇಳಿಯಿತು. 4ಕ್ಕೆ 2.6 ಸರಾಸರಿ.

ಹುಡುಗ ದಡ್ಡನಲ್ಲ. ಟೆಸ್ಟುಗಳಲ್ಲಿ ಎಂಬತ್ತು, ತೊಂಬತ್ತು ತೆಗೆಯುತ್ತಿದ್ದ. ಹೋಮ್‌ವರ್ಕ್ ಕೊಡುತ್ತಿರಲಿಲ್ಲ, ಅಷ್ಟೇ. ಇಲ್ಲಿ ಕೊಡದ ಹೋಮ್‌ವರ್ಕಿಗೆ ಸೊನ್ನೆ ಬೀಳುತ್ತದೆ, ಆ ಸೊನ್ನೆ ಗ್ರೇಡನ್ನು ಕೆಳಕ್ಕೆ ಎಳೆಯುತ್ತದೆ. ಶಾಲೆಯ ಪೋರ್ಟಲ್ ತೆರೆದರೆ ಎಲ್ಲ ಕಾಣುತ್ತದೆ. ಅಪ್ಪ ತೆರೆಯುತ್ತಿದ್ದರು, ಟೆಸ್ಟಿನ ಸಾಲು ನೋಡಿ ಮುಚ್ಚುತ್ತಿದ್ದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಅವರು ಬೆಳೆದ ಲೆಕ್ಕಾಚಾರವೇ ಬೇರೆ. ಕೆಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯುಸಿಯ ಪಿಸಿಎಂ ಅಂಕ. ಫಸ್ಟ್ ಪಿಯುಸಿಯಲ್ಲಿ ಪಾಸಾದರೆ ಸಾಕು, ಅದರ ಮಾರ್ಕ್ಸ್ ಕಾರ್ಡನ್ನು ಯಾರೂ ಕೇಳುವುದಿಲ್ಲ. ಕೊನೆಯಲ್ಲಿ ಗಟ್ಟಿಯಾಗಿ ಓದಿದವನು ಗೆದ್ದ. ಅಮೆರಿಕದ ಟ್ರಾನ್ಸ್‌ಕ್ರಿಪ್ಟಿನಲ್ಲಿ ಆ ಕೊನೆ ಅನ್ನುವುದೇ ಇಲ್ಲ. 9ರಿಂದ 12ರವರೆಗೆ ಪ್ರತಿ ಸೆಮಿಸ್ಟರ್, ಪ್ರತಿ ವಿಷಯ ಒಂದೇ ಹಾಳೆಯಲ್ಲಿ ಕೂತಿರುತ್ತದೆ.

ತೊಡಕು ಎಲ್ಲಿತ್ತು

ಅವರು ನನ್ನ ಹತ್ತಿರ ಬಂದದ್ದು ಹುಡುಗ 10ನೇ ತರಗತಿಯಲ್ಲಿದ್ದಾಗ. ಅಷ್ಟರಲ್ಲಿ ಒಂದು ಅವಕಾಶ ಕೈತಪ್ಪಿತ್ತು. 2021ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಬಿ 104 ಎಂಬ ಕಾನೂನು ಬಂದಿತ್ತು. ಕೋವಿಡ್ ವರ್ಷದ ಗ್ರೇಡನ್ನು ಬರೀ ‘ಪಾಸ್’ ಅಥವಾ ‘ನೋ ಪಾಸ್’ ಎಂದು ಬದಲಿಸಿಕೊಳ್ಳಲು ಹೈಸ್ಕೂಲು ಮಕ್ಕಳಿಗೆ ಅದು ಅವಕಾಶ ಕೊಟ್ಟಿತ್ತು. ಅರ್ಜಿ ಹಾಕಲು ಸಿಕ್ಕ ದಿನಗಳು ಕಡಿಮೆ. ಇವರಿಗೆ ಸುದ್ದಿ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು. ಅಮ್ಮನಿಗೆ ಇದೇ ದೊಡ್ಡ ಕೊರಗು.

ನನಗೆ ಹಾಗನ್ನಿಸಲಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ತೆಗೆದುಕೊಳ್ಳುವುದು 9 ಮುಗಿದ ಬೇಸಿಗೆಯಿಂದ 11 ಮುಗಿದ ಬೇಸಿಗೆಯವರೆಗಿನ ಗ್ರೇಡುಗಳನ್ನು ಮಾತ್ರ. 9ರ ‘ಸಿ’ಗಳು ಅಲ್ಲಿ ಹೇಗೂ ಜಿಪಿಎಗೆ ಸೇರುವುದಿಲ್ಲ. ‘ಡಿ’ ಮಾತ್ರ ತೊಂದರೆ, ಯಾಕೆಂದರೆ ಕಡ್ಡಾಯ ವಿಷಯಗಳಲ್ಲಿ ಕನಿಷ್ಠ ‘ಸಿ’ ಇರಬೇಕು. ಆದರೆ ಭಾಷೆಯಲ್ಲಿ ಒಂದು ಅನುಕೂಲವಿದೆ. ಮುಂದಿನ ಹಂತದಲ್ಲಿ ‘ಸಿ’ ಅಥವಾ ಮೇಲೆ ಬಂದರೆ ಹಿಂದಿನ ಹಂತದ ‘ಡಿ’ ತುಂಬಿಕೊಂಡಂತೆ. ಅವನು ಸ್ಪ್ಯಾನಿಷ್ 2ರಲ್ಲಿ ‘ಬಿ’ ತೆಗೆದ, ಆ ಗಂಟು ಅಲ್ಲಿಗೆ ಬಿಚ್ಚಿತು.

ನಿಜವಾದ ತೊಡಕು ಖಾಸಗಿ ಕಾಲೇಜುಗಳದ್ದು. ಅವು ನಾಲ್ಕೂ ವರ್ಷ ನೋಡುತ್ತವೆ. ಅಪ್ಪನ ಮನಸ್ಸಿನಲ್ಲಿದ್ದದ್ದೂ ಅವೇ.

ಏನು ಮಾಡಿದರು

ಮೊದಲು ಮಾಡಿದ್ದು ಟ್ಯೂಷನ್. ರಸಾಯನಶಾಸ್ತ್ರಕ್ಕೆ ಒಬ್ಬರು, ಗಣಿತಕ್ಕೆ ಒಬ್ಬರು. ಹೆಚ್ಚೇನೂ ಬದಲಾಗಲಿಲ್ಲ. ಬದಲಾಗುವುದಾದರೂ ಹೇಗೆ? ಅರ್ಥವಾಗದೆ ಇರುವುದು ಸಮಸ್ಯೆಯೇ ಆಗಿರಲಿಲ್ಲ. ಚಳಿಗಾಲದ ರಜೆಯ ಹೊತ್ತಿಗೆ ಇಬ್ಬರನ್ನೂ ಬಿಡಿಸಿದರು. ಅದರ ಬದಲು ಒಂದೇ ಕಟ್ಟುಪಾಡು: ಶಾಲೆ ಬಿಟ್ಟ ಮೇಲೆ ಅಲ್ಲಿನ ಲೈಬ್ರರಿಯಲ್ಲೇ ಕೂತು ಹೋಮ್‌ವರ್ಕ್ ಮುಗಿಸಿ, ಪೋರ್ಟಲಿಗೆ ಹಾಕಿ ಮನೆಗೆ ಬರಬೇಕು. ಮನೆಗೆ ಬಂದ ಮೇಲೆ ಗೇಮ್ ಆಡಿದರೂ ಯಾರೂ ಕೇಳುವಂತಿಲ್ಲ. ಈ ಕೊನೆಯ ಷರತ್ತು ಹುಡುಗನೇ ಹಾಕಿದ್ದು. ಅಪ್ಪ ಒಪ್ಪಲು ಒಂದು ವಾರ ತೆಗೆದುಕೊಂಡರು.

10ರ ಮೊದಲ ಸೆಮಿಸ್ಟರ್ 3.0 ಇದ್ದದ್ದು ಎರಡನೆಯದರಲ್ಲಿ 3.4 ಆಯಿತು.

ಆಮೇಲೆ ಬಂತು ಮೊದಲ ದೊಡ್ಡ ತೀರ್ಮಾನ: 11ರಲ್ಲಿ ಯಾವ ಕೋರ್ಸ್? ಅಪ್ಪನಿಗೆ ನಾಲ್ಕು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಬೇಕು, ಪಕ್ಕದ ಮನೆಯ ಹುಡುಗಿ ಐದು ತೆಗೆದುಕೊಂಡಿದ್ದಾಳೆ ಅನ್ನುವ ಕಾರಣಕ್ಕೆ. ಶಾಲೆಯ ಕೌನ್ಸೆಲರ್ ಹೇಳಿದ್ದು ಒಂದೂ ಬೇಡ, ಈಗಷ್ಟೇ ಚೇತರಿಸಿಕೊಳ್ಳುತ್ತಿದ್ದಾನೆ ಅಂತ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಸುಲಭದ ಕೋರ್ಸುಗಳಲ್ಲಿ ‘ಎ’ ತುಂಬಿಸಿದರೆ ಗ್ರೇಡು ಏರಿದ ಹಾಗೆ ಕಾಣುತ್ತದೆ. ಆದರೆ ಓದುವವರಿಗೆ ಗೊತ್ತಾಗದೆ ಇರುತ್ತದಾ? ಟ್ರಾನ್ಸ್‌ಕ್ರಿಪ್ಟಿನ ಜೊತೆ ‘ಸ್ಕೂಲ್ ಪ್ರೊಫೈಲ್’ ಎಂಬ ಇನ್ನೊಂದು ಹಾಳೆ ಹೋಗುತ್ತದೆ. ಆ ಶಾಲೆಯಲ್ಲಿ ಏನೇನು ಎಪಿ ಸಿಗುತ್ತದೆ ಅಂತ ಅದರಲ್ಲಿ ಇರುತ್ತದೆ. ಹುಡುಗ ಏನು ಬಿಟ್ಟ ಅನ್ನುವುದೂ ಹಾಗೆ ತಿಳಿಯುತ್ತದೆ.

ಕೊನೆಗೆ ಎರಡು ಎಪಿ: ಇಂಗ್ಲಿಷ್ ಭಾಷೆ ಮತ್ತು ಅಮೆರಿಕದ ಇತಿಹಾಸ. ಭೌತಶಾಸ್ತ್ರ, ಪ್ರೀ-ಕ್ಯಾಲ್ಕುಲಸ್, ಸ್ಪ್ಯಾನಿಷ್ 3 ಮಾಮೂಲಿ. ಫಲ ಮೊದಲ ಸೆಮಿಸ್ಟರಿನಲ್ಲಿ 3.6, ಎರಡನೆಯದರಲ್ಲಿ 3.8. ಗಣಿತ, ಭೌತಶಾಸ್ತ್ರ ವರ್ಷಪೂರ್ತಿ ‘ಎ’. 12ಕ್ಕೆ ಎಪಿ ಕ್ಯಾಲ್ಕುಲಸ್ ಎಬಿ, ಎಪಿ ಫಿಸಿಕ್ಸ್ ಸಿ (ಇಲ್ಲಿ ಎಬಿ, ಸಿ ಅಂದರೆ ಕೋರ್ಸಿನ ಹೆಸರು, ಗ್ರೇಡಲ್ಲ), ಎಪಿ ಪರಿಸರ ವಿಜ್ಞಾನ. ಈ ಸಲ ಹೆದರಿದವರು ಅಪ್ಪ. ‘ಗ್ರಾಫ್ ಮೇಲೆ ಹೋಗ್ತಿದೆ ಮೇಡಂ, ಈಗ ಬಿದ್ರೆ?’ ಅಂದರು. ಹುಡುಗನಿಗೆ ಸಿವಿಲ್ ಇಂಜಿನಿಯರಿಂಗ್ ಬೇಕಿತ್ತು. ಕ್ಯಾಲ್ಕುಲಸ್ ಇಲ್ಲದೆ ಆ ಸೀಟು ಕೇಳುವುದು ಹೇಗೆ ಅಂತ ಅವನೇ ತಿರುಗಿ ಕೇಳಿದ.

ಒಬ್ಬನೇ ಹುಡುಗ, ಮೂರು ಅಂಕಿ

11 ಮುಗಿದಾಗ ಅವನ ಲೆಕ್ಕ ಹೀಗಿತ್ತು. 9, 10, 11 ಮೂರೂ ಸೇರಿಸಿ ಬರೀ ಸರಾಸರಿ 3.17. 10 ಮತ್ತು 11 ಮಾತ್ರ ತೆಗೆದುಕೊಂಡರೆ 3.45. ಅದಕ್ಕೆ ಎಪಿಯ ನಾಲ್ಕು ಸೆಮಿಸ್ಟರಿಗೆ ಯುಸಿ ಕೊಡುವ ಹೆಚ್ಚಿನ ಅಂಕ ಸೇರಿಸಿದರೆ 3.65.

3.17 ಹುಡುಗ ಮತ್ತು 3.65 ಹುಡುಗ ಒಬ್ಬನೇ. ಯಾವ ಕಾಲೇಜು ಯಾರನ್ನು ನೋಡುತ್ತದೆ ಅನ್ನುವುದನ್ನು ಮೊದಲು ತಿಳಿಯಬೇಕಿತ್ತು. ಅರ್ಜಿಯ ಪಟ್ಟಿ ಮಾಡುವಾಗ ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆಯೇ.

ಕ್ಯಾಲ್ ಸ್ಟೇಟ್, ಅಂದರೆ ಯುಸಿ ಬಿಟ್ಟು ರಾಜ್ಯದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿಯ ಕಾಲೇಜುಗಳು ಪ್ರಬಂಧ ಕೇಳುವುದಿಲ್ಲ, ಶಿಫಾರಸು ಪತ್ರ ಕೇಳುವುದಿಲ್ಲ. ಅಲ್ಲಿ ಅಂಕಿಯದ್ದೇ ಆಟ. ‘ಸುಧಾರಿಸಿದ್ದಾನೆ’ ಅಂತ ಹೇಳಲು ಜಾಗವೇ ಇಲ್ಲ.

ಯುಸಿಯಲ್ಲಿ ಅರ್ಜಿಯನ್ನು ಮನುಷ್ಯರು ಓದುತ್ತಾರೆ. ಅವರು ತೂಗಿ ನೋಡುವ ಅಂಶಗಳು 13. ಇತ್ತೀಚೆಗೆ ಓದಿನಲ್ಲಿ ಎದ್ದು ಕಾಣುವ ಸುಧಾರಣೆ ಆಗಿದೆಯೇ ಅನ್ನುವುದು ಅದರಲ್ಲಿ ಒಂದು. ಬರಹದಲ್ಲೇ ಇದೆ, ಗಾಳಿಮಾತಲ್ಲ. 9ರ ಗ್ರೇಡು ಜಿಪಿಎಗೆ ಸೇರದಿದ್ದರೂ ಅರ್ಜಿಯಲ್ಲಿ ತುಂಬಬೇಕು, ಹಾಗಾಗಿ ಓದುವವರ ಕಣ್ಣಿಗೆ ಬೀಳುತ್ತದೆ. ಇವನಿಗೆ ಅದು ಅನುಕೂಲವೇ ಆಯಿತು. ಇಳಿಜಾರು ಜಿಪಿಎಯಲ್ಲಿಲ್ಲ, ಏರು ಮಾತ್ರ ಕಾಣುತ್ತದೆ. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕವನ್ನು ಯುಸಿ ನೋಡುವುದೇ ಇಲ್ಲ, ಅವನ 1480 ಅಲ್ಲಿ ಲೆಕ್ಕಕ್ಕಿಲ್ಲ.

ಖಾಸಗಿ ಕಾಲೇಜುಗಳು ಬೇರೆ ಥರ. ಬಹಳಷ್ಟು ಕಾಲೇಜುಗಳು ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಹಾಕುತ್ತವೆ. ಅದರಲ್ಲಿ ಸಿ7 ಎಂಬ ಪಟ್ಟಿಯಿದೆ: ಕೋರ್ಸುಗಳು ಎಷ್ಟು ಕಠಿಣ, ಜಿಪಿಎ, ಪ್ರಬಂಧ, ಶಿಫಾರಸು ಹೀಗೆ ಒಂದೊಂದಕ್ಕೂ ‘ಬಹಳ ಮುಖ್ಯ’, ‘ಮುಖ್ಯ’, ‘ಪರಿಗಣಿಸುತ್ತೇವೆ’ ಅಂತ ಗುರುತು. ಅಪ್ಪ ಅದನ್ನು ಮೇಲಿಂದ ಕೆಳಗೆ ಹುಡುಕಿದರು. ಗ್ರೇಡು ಏರಿದ್ದಕ್ಕೆ ಸಾಲೇ ಇಲ್ಲ. ಇಲ್ಲ ಅಂದರೆ ನೋಡುವುದಿಲ್ಲ ಅಂತಲ್ಲ. ಅದಕ್ಕೆ ತನ್ನದೇ ಅಂಕ ಇಲ್ಲ, ಬೇರೆಯದಕ್ಕೆ ಸಾಕ್ಷಿಯಾಗಿ ಬರುತ್ತದೆ. 11ರಲ್ಲಿ ಗಟ್ಟಿ ಕೋರ್ಸಿನಲ್ಲಿ ‘ಎ’ ಇದ್ದರೆ ‘ಕಾಲೇಜಿನ ಓದು ಇವನಿಂದಾಗುತ್ತದೆ’ ಅನ್ನುವ ನಂಬಿಕೆ ಬರುತ್ತದೆ. ನೂರಕ್ಕೆ ಐದು ಮಂದಿಗೂ ಸೀಟು ಕೊಡದ ಕಾಲೇಜಿಗೆ ಆ ನಂಬಿಕೆ ಬೇರೆ ಸಾವಿರಾರು ಮಕ್ಕಳಲ್ಲೂ ಇರುತ್ತದೆ. ಅವರಿಗೆ 9ರಲ್ಲೂ ‘ಎ’ ಇರುತ್ತದೆ. ಅಪ್ಪನಿಗೆ ನಾನು ಇದನ್ನು ಮೂರು ಥರ ಹೇಳಿದೆ. ಕೇಳಿಸಿಕೊಂಡರು, ಪಟ್ಟಿಯಿಂದ ಮಾತ್ರ ಆ ಎರಡು ಹೆಸರು ಹೋಗಲಿಲ್ಲ.

ಅವರ ನೆಂಟರ ಹುಡುಗಿಯೊಬ್ಬಳು ಟೆಕ್ಸಸ್‌ನಲ್ಲಿದ್ದಾಳೆ, ಹೆಚ್ಚು ಕಡಿಮೆ ಇಂಥದ್ದೇ ಟ್ರಾನ್ಸ್‌ಕ್ರಿಪ್ಟ್. ಅಲ್ಲಿನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಆಸ್ಟಿನ್ ಕ್ಯಾಂಪಸ್ ಆ ವರ್ಷ ರಾಜ್ಯದ ಹೈಸ್ಕೂಲುಗಳ ತರಗತಿಯಲ್ಲಿ ಮೊದಲ ಶೇ. 6ರೊಳಗೆ ಇದ್ದವರಿಗೆ ತಾನಾಗಿಯೇ ಸೀಟು ಕೊಡುತ್ತಿತ್ತು. 2026ಕ್ಕೆ ಅದನ್ನು ಶೇ. 5ಕ್ಕೆ ಇಳಿಸಿದ್ದಾರೆ. ಆ ರ‍್ಯಾಂಕು 9ರಿಂದ ಕೂಡುತ್ತಾ ಬಂದ ಗ್ರೇಡಿನದ್ದು. ಆ ಬಾಗಿಲು ಅವಳಿಗೆ 9ರಲ್ಲೇ ಮುಚ್ಚಿತ್ತು, ಆಮೇಲೆ ಎಷ್ಟು ಏರಿದರೂ ಅಷ್ಟೇ. ಉಳಿದದ್ದು ಎಲ್ಲವನ್ನೂ ಓದಿ ತೂಗುವ ಇನ್ನೊಂದು ಬಾಗಿಲು, ಅದು ಬಹಳ ಸಣ್ಣದು.

ಕಾರಣ ಬರೆಯುವ ಜಗಳ

ಈ ಪ್ರಕರಣದಲ್ಲಿ ಎಲ್ಲರೂ ಮಾತು ಬಿಡುವ ಹಂತಕ್ಕೆ ಬಂದದ್ದು ಇಲ್ಲಿ.

9ರಲ್ಲಿ ಯಾಕೆ ಹೀಗಾಯಿತು ಅಂತ ಅರ್ಜಿಯಲ್ಲಿ ಹೇಳಬೇಕು. ಅಮ್ಮ ಒಂದು ಪುಟ ಬರೆದುಕೊಂಡು ಬಂದರು. 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ, ಹುಡುಗನ ಅಜ್ಜಿ ಬೆಂಗಳೂರಿನ ಆಸ್ಪತ್ರೆಯಲ್ಲಿ. ಆಕ್ಸಿಜನ್ ಬೆಡ್ಡಿಗಾಗಿ ಇಲ್ಲಿಂದ ರಾತ್ರಿಯೆಲ್ಲ ಫೋನು. ಅಜ್ಜಿ ಉಳಿದುಕೊಂಡರು, ಮನೆ ಮಾತ್ರ ಅಲ್ಲಾಡಿಹೋಗಿತ್ತು. ಒಂದು ಅಕ್ಷರವೂ ಸುಳ್ಳಲ್ಲ.

ಹುಡುಗ ಓದಿ ಪಕ್ಕಕ್ಕಿಟ್ಟ. ‘ಆಂಟಿ, ಇದೆಲ್ಲ ಆಗಿದ್ದು ನಿಜ. ಆದ್ರೆ ನನ್ನ ‘ಸಿ’ ಬಂದಿದ್ದು ಇದಕ್ಕಲ್ಲ. ಕ್ಯಾಮೆರಾ ಆಫ್ ಮಾಡ್ಕೊಂಡು ಗೇಮ್ ಆಡ್ತಿದ್ದೆ.’

ಅಮ್ಮ ನನ್ನ ಕಡೆ ತಿರುಗಿದರು. ‘ನಾವು ಪಟ್ಟ ಪಾಡು ಲೆಕ್ಕಕ್ಕೇ ಇಲ್ವಾ ಅಕ್ಕಾ?’

ತಾರೀಕು ನೋಡಿದರೆ ಹುಡುಗನ ಮಾತೇ ಸರಿ. ಮೂರು ‘ಸಿ’ ಬಂದದ್ದು 2020ರ ಡಿಸೆಂಬರಿಗೆ ಮುಗಿದ ಸೆಮಿಸ್ಟರಿನಲ್ಲಿ. ಎರಡನೇ ಅಲೆ ಬಂದದ್ದು ಅದಾದ ಮೇಲೆ. ದಿನಕ್ಕೆ ಹತ್ತಾರು ಅರ್ಜಿ ಓದುವವರಿಗೆ ಇದು ಕಾಣುವುದಕ್ಕೆ ಹೆಚ್ಚು ಹೊತ್ತು ಬೇಡ. ಒಂದು ಕಡೆ ಕಾರಣ ಹೊಂದದಿದ್ದರೆ ಉಳಿದದ್ದರ ಮೇಲೂ ಅನುಮಾನ ಬೀಳುತ್ತದೆ. ‘ಆನ್‌ಲೈನ್ ಇತ್ತು’ ಅನ್ನುವುದೂ ಒಂದೇ ಸಾಲದು, ಆ ವರ್ಷ ಇಡೀ ಬೇ ಏರಿಯಾ ಹೆಚ್ಚುಕಮ್ಮಿ ಆನ್‌ಲೈನೇ ಇತ್ತು.

ಎರಡು ತೀರ್ಮಾನ ಮಾಡಿದೆವು. ಖಾಸಗಿ ಕಾಲೇಜುಗಳಿಗೆ ಹೋಗುವ ಕಾಮನ್ ಆ್ಯಪ್‌ನಲ್ಲಿ ‘ಹೆಚ್ಚಿನ ಮಾಹಿತಿ’ ಜಾಗವಿದೆ. ಆಗ ಅಲ್ಲಿ 650 ಪದ ಬರೆಯಬಹುದಿತ್ತು. ಅವನು ಬರೆದದ್ದು ಮೂರು ವಾಕ್ಯ. 9ನೇ ತರಗತಿ ಆನ್‌ಲೈನ್ ಇತ್ತು, ನಾನು ಹೋಮ್‌ವರ್ಕ್ ಕೊಡಲಿಲ್ಲ, ಗ್ರೇಡು ಅದರ ಫಲ. 10ರ ಚಳಿಗಾಲದಿಂದ ಕೆಲಸ ಮುಗಿಸಿಯೇ ಶಾಲೆಯಿಂದ ಹೊರಡುತ್ತಿದ್ದೇನೆ. ಈಗ ಹೀಗೇ ಓದುತ್ತೇನೆ. ಪ್ರಬಂಧದಲ್ಲಿ ಇದರ ಸುದ್ದಿಯೇ ಎತ್ತಲಿಲ್ಲ. ಅದು ಮಳೆನೀರಿನ ಚರಂಡಿಗಳ ಬಗ್ಗೆ ಅವನಿಗಿದ್ದ ಹುಚ್ಚಿನ ಮೇಲಿತ್ತು, ಓದಲು ಮಜವಾಗಿತ್ತು.

ಅಜ್ಜಿಯ ವಿಷಯ ಕೌನ್ಸೆಲರಿಗೆ ಪೋಷಕರು ತುಂಬಿಕೊಡುವ ಫಾರ್ಮಿಗೆ ಹೋಯಿತು. ತಾರೀಕಿನ ಸಮೇತ, ಅದೇ ಕಾರಣ ಅಂತ ಹೇಳದೆ, ಆ ವರ್ಷ ಮನೆಯಲ್ಲಿ ನಡೆದ ಸಂಗತಿ ಅಂತ. ಕೌನ್ಸೆಲರ್ ತಮ್ಮ ಪತ್ರದಲ್ಲಿ ಅದನ್ನು ಎಷ್ಟು ಬಳಸಿದರೋ ಗೊತ್ತಿಲ್ಲ, ಆ ಪತ್ರ ನಮಗೆ ತೋರಿಸುವುದಿಲ್ಲ.

ಶಿಫಾರಸಿಗೆ ಒಬ್ಬರು ಭೌತಶಾಸ್ತ್ರದ ಟೀಚರ್. ಇನ್ನೊಬ್ಬರು ಯಾರು? ಅಪ್ಪ ಗಣಿತದವರನ್ನು ಕೇಳು ಅಂದರು. ಹುಡುಗ ಆರಿಸಿದ್ದು ಸ್ಪ್ಯಾನಿಷ್ ಟೀಚರನ್ನು, 9ರಲ್ಲಿ ‘ಡಿ’ ಕೊಟ್ಟವರೇ, 11ರಲ್ಲಿ ಸ್ಪ್ಯಾನಿಷ್ 3ಕ್ಕೂ ಸಿಕ್ಕಿದ್ದರು. ಅಪ್ಪನಿಗೆ ಇದು ತಲೆಹರಟೆ ಅನ್ನಿಸಿತು. ನನಗೆ ಇಡೀ ಅರ್ಜಿಯಲ್ಲಿ ಅತ್ಯಂತ ಜಾಣ ಹೆಜ್ಜೆ ಅನ್ನಿಸಿದ್ದು ಇದೇ. ಹುಡುಗ ತಾನು ಬದಲಾದೆ ಅಂತ ಬರೆದರೆ ಅದು ಅವನ ಮಾತು. ಎರಡೂ ತುದಿ ಕಣ್ಣಾರೆ ನೋಡಿದವರು ಬರೆದರೆ ಅದರ ತೂಕವೇ ಬೇರೆ.

ಅರ್ಲಿ ಡಿಸಿಷನ್ ಬೇಕೆ, ಬೇಡವೆ

ನವೆಂಬರ್ 1ರ ಸುಮಾರಿಗೆ ಒಂದೇ ಖಾಸಗಿ ಕಾಲೇಜಿಗೆ, ಸೀಟು ಕೊಟ್ಟರೆ ಸೇರಿಯೇ ಸೇರುತ್ತೇನೆ ಎಂದು ಬರೆದುಕೊಟ್ಟು ಹಾಕುವ ಅರ್ಜಿ ಇದು. ಹೀಗೆ ಹಾಕಿದವರಿಗೆ ಸೀಟು ಸಿಗುವ ಪ್ರಮಾಣ ಬಹಳ ಕಡೆ ಜಾಸ್ತಿ. ಅಪ್ಪ ಇದನ್ನೇ ಹಿಡಿದರು.

ನಾನು ಬೇಡ ಅಂದೆ. ನವೆಂಬರಿನಲ್ಲಿ ಕಾಲೇಜಿನ ಕೈಗೆ ಸಿಗುವುದು 11ರವರೆಗಿನ ಗ್ರೇಡು, ಹೆಚ್ಚೆಂದರೆ 12ರ ಮೊದಲ ಕೆಲವು ವಾರದ್ದು. ಮೊದಲಿಂದ ‘ಎ’ ತೆಗೆದವನಿಗೆ ಇದರಿಂದ ನಷ್ಟವಿಲ್ಲ. ಏರುತ್ತಿರುವವನಿಗೆ ಇದೆ, ಅವನ ಅತಿ ಒಳ್ಳೆಯ ಸೆಮಿಸ್ಟರ್ ಇನ್ನೂ ಮುಗಿದೇ ಇಲ್ಲ. ಜನವರಿಯ ಮಾಮೂಲಿ ಸುತ್ತಿಗೆ ಹಾಕಿದರೆ ‘ಮಿಡ್-ಇಯರ್ ರಿಪೋರ್ಟ್’ ಎಂಬ ವರದಿಯಲ್ಲಿ 12ರ ಮೊದಲ ಸೆಮಿಸ್ಟರ್ ಹೋಗುತ್ತದೆ. ಸಿವಿಲ್ ಇಂಜಿನಿಯರಿಂಗ್ ಕೇಳುವವನ ಕ್ಯಾಲ್ಕುಲಸ್ ಗ್ರೇಡು ಅಲ್ಲಿರುತ್ತದೆ. ಇನ್ನೊಂದು, ಅರ್ಲಿಯಲ್ಲಿ ಸೀಟು ಪಡೆಯುವವರಲ್ಲಿ ಕಾಲೇಜೇ ಕರೆದುಕೊಂಡ ಕ್ರೀಡಾಪಟುಗಳೂ ಇರುತ್ತಾರೆ. ಆ ಪ್ರಮಾಣ ನೋಡಿ ನಮಗೂ ಅಷ್ಟೇ ಅವಕಾಶ ಅಂದುಕೊಳ್ಳುವಂತಿಲ್ಲ.

ಅರ್ಲಿ ಹಾಕಲಿಲ್ಲ. 12ರ ಮೊದಲ ಸೆಮಿಸ್ಟರಿನಲ್ಲಿ ಎಪಿ ಫಿಸಿಕ್ಸ್ ಒಂದರಲ್ಲಿ ‘ಬಿ’, ಉಳಿದದ್ದೆಲ್ಲ ‘ಎ’.

ಏನಾಯಿತು

ಅಪ್ಪ ಪಟ್ಟಿಯಿಂದ ತೆಗೆಯಲು ಒಪ್ಪದ ಎರಡು ಖಾಸಗಿ ಕಾಲೇಜುಗಳು: ಇಲ್ಲ. ಇನ್ನೊಂದು ಖಾಸಗಿ ಕಾಲೇಜು ವೇಟ್‌ಲಿಸ್ಟಿಗೆ ಹಾಕಿ ಕೊನೆಗೆ ಇಲ್ಲ ಅಂದಿತು. ಇಂಜಿನಿಯರಿಂಗಿಗೆ ಒಳ್ಳೆಯ ಹೆಸರಿರುವ, ಸೀಟಿಗೆ ಸಾಕಷ್ಟು ಪೈಪೋಟಿ ಇರುವ ನಾಲ್ಕನೆಯದು ಕರೆಯಿತು. ಯುಸಿಯಲ್ಲಿ ಹಾಕಿದ್ದು ಐದು ಕ್ಯಾಂಪಸ್. ಅತಿ ಪೈಪೋಟಿಯ ಎರಡು ಇಲ್ಲ ಅಂದವು, ಒಂದು ವೇಟ್‌ಲಿಸ್ಟ್, ಎರಡು ಕಡೆ ಸಿವಿಲ್ ಇಂಜಿನಿಯರಿಂಗಿನಲ್ಲೇ ಸೀಟು. ಕ್ಯಾಲ್ ಸ್ಟೇಟಿನಲ್ಲೂ ಸಿಕ್ಕಿತು.

ಯಾಕೆ ಕೊಟ್ಟೆವು, ಯಾಕೆ ಕೊಡಲಿಲ್ಲ ಅಂತ ಯಾವ ಕಾಲೇಜೂ ಹೇಳುವುದಿಲ್ಲ. ಹಾಗಾಗಿ ಏರಿದ ಗ್ರೇಡೇ ಸೀಟು ತಂದಿತು ಅಂತ ನಾನು ಹೇಳುವುದಿಲ್ಲ. ಆದರೆ ಹೌದು-ಇಲ್ಲಗಳು ಬಿದ್ದ ರೀತಿ ನೋಡಿ. ಮೊದಲಿಂದಲೂ ‘ಎ’ ತೆಗೆದವರೇ ತುಂಬಿ ತುಳುಕುವ ಕಡೆ ಸುಧಾರಣೆ ಅವನನ್ನು ಒಳಗೆ ತರಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ, ಅರ್ಜಿಯನ್ನು ಕೂತು ಓದುವ ಕಡೆ, 3.17 ಎಂಬ ಅಂಕಿ ಅವನನ್ನು ಹೊರಗೂ ಇಡಲಿಲ್ಲ. ನಾನು ನೋಡಿದ ಬೇರೆ ಅರ್ಜಿಗಳಲ್ಲೂ ಹೀಗೇ. ಬಾಗಿಲಲ್ಲಿ ತಡೆಯದಂತೆ ನೋಡಿಕೊಳ್ಳುವುದು ಏರಿದ ಗ್ರೇಡಿನ ಕೆಲಸ, ಒಳಗೆ ಕರೆಯಲು ಬೇರೆ ಏನಾದರೂ ಬೇಕು. ಇವನಿಗೆ ಅದು ಆ ಚರಂಡಿ ಪ್ರಬಂಧವೋ, ಭೌತಶಾಸ್ತ್ರವೋ, ಸ್ಪ್ಯಾನಿಷ್ ಟೀಚರೋ.

ಎರಡೇ ಸೆಮಿಸ್ಟರಿನ ಏರಿಕೆಯಾಗಿದ್ದರೆ ಇಷ್ಟೂ ನಡೆಯುತ್ತಿರಲಿಲ್ಲ ಅಂತ ನನ್ನ ಅಂದಾಜು. ಇವನದ್ದು 10ರ ಚಳಿಗಾಲದಿಂದ ಒಂದು ಸಲವೂ ಹಿಂದೆ ಬೀಳದೆ ಬಂದದ್ದು. ಜೊತೆಗೆ ಕೋರ್ಸುಗಳೂ ಪ್ರತಿ ವರ್ಷ ಕಠಿಣವಾಗುತ್ತಾ ಹೋದವು. 12ರಲ್ಲಿ ಎಚ್ಚೆತ್ತು ಒಳ್ಳೆಯ ಗ್ರೇಡು ತಂದ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಅವರಿಗೆ ನಾನು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನ ದಾರಿ ತೋರಿಸುತ್ತೇನೆ. ಅಲ್ಲಿ ಎರಡು ವರ್ಷ ಓದಿ ಯುಸಿಗೆ ವರ್ಗವಾಗಿ ಹೋಗುವಾಗ ಹೈಸ್ಕೂಲು ಗ್ರೇಡು ಲೆಕ್ಕಕ್ಕೆ ಬರುವುದಿಲ್ಲ. ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿ ಆರು ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಖಚಿತ ಸೀಟು ಕೊಡುವ ಒಪ್ಪಂದವನ್ನೂ ಮಾಡಿಕೊಳ್ಳುತ್ತವೆ, ಕೆಲವು ಕೋರ್ಸುಗಳನ್ನು ಬಿಟ್ಟು. ನಮ್ಮವರಿಗೆ ಈ ದಾರಿ ಅಂದರೆ ಮುಖ ಸಪ್ಪಗಾಗುತ್ತದೆ, ಸುಮ್ನೆ.

ಕರ್ನಾಟಕದಿಂದಲೇ ಇಲ್ಲಿನ ಡಿಗ್ರಿಗೆ ಅರ್ಜಿ ಹಾಕುವವರಿಗೂ ಒಂದು ಮಾತು. ಕೇಳುವುದು 9ರಿಂದ 12ರವರೆಗಿನ ಅಂಕ. ಊರಲ್ಲಿ ಯಾರೂ ನೋಡದ ಫಸ್ಟ್ ಪಿಯುಸಿ ಮಾರ್ಕ್ಸ್ ಕಾರ್ಡ್ ಇಲ್ಲಿ ನೋಡುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ 94, ಫಸ್ಟ್ ಪಿಯುಸಿಯಲ್ಲಿ 71 ಅಂತಿದ್ದರೆ, ಸಿಇಟಿಗೆ ಓದುತ್ತಿದ್ದೆ ಅನ್ನುವ ವಿವರಣೆ ನಮಗೆ ಅರ್ಥವಾಗುತ್ತದೆ. ಓದುವವರಿಗೆ ಕಾಣುವುದು ಇಳಿದ ಅಂಕ.

ಅಪ್ಪನಿಗೆ ಈಗಲೂ ಅರ್ಲಿ ಹಾಕಿದ್ದರೆ ವೇಟ್‌ಲಿಸ್ಟ್ ಮಾಡಿದ ಕಾಲೇಜು ಸಿಗುತ್ತಿತ್ತು ಅನ್ನಿಸುತ್ತದೆ. ನಾನು ಒಪ್ಪುವುದಿಲ್ಲ, ಪೂರ್ತಿ ಅಲ್ಲಗಳೆಯಲೂ ಆಗುವುದಿಲ್ಲ. ಆಗ ಖಾಸಗಿ ಕಾಲೇಜಿನ ಖರ್ಚು ವರ್ಷಕ್ಕೆ 80 ಸಾವಿರ ಡಾಲರಿಗೂ ಮೇಲಿತ್ತು, ಯುಸಿಯಲ್ಲಿ ರಾಜ್ಯದವರಿಗೆ ಹಾಸ್ಟೆಲ್ ಸೇರಿ ಸುಮಾರು 40 ಸಾವಿರ ಇತ್ತು. ಅರ್ಲಿಯಲ್ಲಿ ಸಿಕ್ಕಿದ್ದರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಆಗುತ್ತಿರಲಿಲ್ಲ. ಹುಡುಗ ಯುಸಿ ಆರಿಸಿಕೊಂಡ. ಆ ಸೀಟಿಗೂ ಷರತ್ತಿತ್ತು, 12ರ ಎರಡನೇ ಸೆಮಿಸ್ಟರಿನಲ್ಲಿ ಗ್ರೇಡು ಕುಸಿಯುವಂತಿಲ್ಲ. ಏಪ್ರಿಲಿನಲ್ಲಿ ಫಿಸಿಕ್ಸ್ ಗ್ರೇಡು ‘ಸಿ’ ಹತ್ತಿರ ಜಾರಿತ್ತು. ಮತ್ತೆ ಲೈಬ್ರರಿ, ಮತ್ತೆ ಸಂಜೆಯವರೆಗೆ. ಜುಲೈ 1ರೊಳಗೆ ಕಳಿಸಬೇಕಾದ ಕೊನೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದು ‘ಬಿ’ ಇತ್ತು.